ತೂಕ ಇಳಿಕೆಯ ಶಸ್ತ್ರಚಿಕಿತ್ಸೆ ಮತ್ತು ಥೈರಾಯ್ಡ್ ಗ್ರಂಥಿಯ ಕಾರ್ಯ

ಜಠರದ ಗಾತ್ರವನ್ನು ಕಿರಿದುಗೊಳಿಸುವ ಅಥವಾ ಆಹಾರವು ಸಾಗುವ ಮಾರ್ಗವನ್ನು ಬದಲಾಯಿಸುವ ಮೂಲಕ ಬೊಜ್ಜನ್ನು ಕಡಿಮೆ ಮಾಡುವ ವಿಧಾನಕ್ಕೆ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಎಂದು ಹೆಸರು. ಇದಕ್ಕೆ ಒಳಗಾಗುವವರ ಪೈಕಿ ಅನೇಕರು ಮೊದಲಿನಿಂದಲೂ ಥೈರಾಯ್ಡ್ ಮಾತ್ರೆ ಸೇವಿಸುತ್ತಿರುತ್ತಾರೆ. ತೂಕ ಇಳಿದ ಮೇಲೆ ಆ ಮಾತ್ರೆಯನ್ನು ನಿಲ್ಲಿಸಬಹುದೇ ಎಂಬ ಪ್ರಶ್ನೆ ಸಹಜವಾಗಿಯೇ ಉದ್ಭವಿಸುತ್ತದೆ.

ಬೊಜ್ಜು ಮತ್ತು ಥೈರಾಯ್ಡ್

ಕತ್ತಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯು ಟಿ-3 ಮತ್ತು ಟಿ-4 ಎಂಬ ಹಾರ್ಮೋನುಗಳನ್ನು ಸ್ರವಿಸುತ್ತದೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಟಿ.ಎಸ್.ಎಚ್. ಮೂಲಕ ಅದನ್ನು ನಿಯಂತ್ರಿಸುತ್ತದೆ. ಬೊಜ್ಜು ಇರುವವರಲ್ಲಿ ಟಿ-4 ಸಹಜವಾಗಿದ್ದರೂ ಟಿ.ಎಸ್.ಎಚ್. ಸ್ವಲ್ಪ ಏರಿರುವುದು ಸಾಮಾನ್ಯ. ಕೊಬ್ಬಿನ ಅಂಗಾಂಶದಿಂದ ಬರುವ ಲೆಪ್ಟಿನ್ ಇದಕ್ಕೆ ಒಂದು ಕಾರಣವೆಂದು ಭಾವಿಸಲಾಗಿದೆ. "ಥೈರಾಯ್ಡ್‌ನಿಂದಲೇ ದಪ್ಪಗಾದೆ" ಎಂಬ ಮಾತು ಮನೆಮನೆಯಲ್ಲಿಯೂ ಕೇಳಿಬರುತ್ತದೆಯಾದರೂ, ಇಂತಹ ಅಲ್ಪ ಏರಿಕೆಯು ಅನೇಕ ವೇಳೆ ಬೊಜ್ಜಿನ ಪರಿಣಾಮವೇ ಹೊರತು ಕಾರಣವಲ್ಲ. ಕೇವಲ ತೂಕ ಇಳಿಸುವ ಉದ್ದೇಶದಿಂದ ಥೈರಾಯ್ಡ್ ಮಾತ್ರೆ ಸೇವಿಸುವುದು ಹೃದಯಕ್ಕೆ ಅಪಾಯಕಾರಿ.

ಶಸ್ತ್ರಚಿಕಿತ್ಸೆಯ ನಂತರ

ತೂಕ ಇಳಿದಂತೆ ಟಿ.ಎಸ್.ಎಚ್. ಸಾಮಾನ್ಯವಾಗಿ ಇಳಿಯುತ್ತದೆ. ಟಿ-3 ಸಹ ಸ್ವಲ್ಪ ತಗ್ಗುತ್ತದೆ. ಬೊಜ್ಜಿನಿಂದಷ್ಟೇ ಟಿ.ಎಸ್.ಎಚ್. ಏರಿದ್ದವರಲ್ಲಿ ಅದು ಮಾತ್ರೆಯಿಲ್ಲದೆಯೇ ಸಹಜ ಮಟ್ಟಕ್ಕೆ ಬರಬಹುದು. ಆದರೆ ಹಶಿಮೊಟೊ ಕಾಯಿಲೆಯಿಂದ ಗ್ರಂಥಿಯೇ ಹಾನಿಗೊಂಡಿದ್ದರೆ ಅಥವಾ ಗ್ರಂಥಿಯನ್ನು ಪೂರ್ಣವಾಗಿ ತೆಗೆದುಹಾಕಿದ್ದರೆ ಶಸ್ತ್ರಚಿಕಿತ್ಸೆಯು ಅದನ್ನು ಸರಿಪಡಿಸಲಾರದು. ಅಂತಹವರು ಮಾತ್ರೆಯನ್ನು ಸ್ವಂತ ತೀರ್ಮಾನದಿಂದ ನಿಲ್ಲಿಸಕೂಡದು.

ಪ್ರಮಾಣದ ವಿಷಯ ಬೇರೆ. ಗ್ರಂಥಿಯು ಕೆಲಸ ಮಾಡದಿರುವವರಿಗೆ ಲಿವೋಥೈರಾಕ್ಸಿನ್ ಅನ್ನು ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 1.6 ಮೈಕ್ರೋಗ್ರಾಂನಂತೆ ಅಂದಾಜಿಸುವುದುಂಟು. ಈ ಲೆಕ್ಕದಂತೆ 110 ಕಿಲೋಗೆ 176 ಮೈಕ್ರೋಗ್ರಾಂ, 75 ಕಿಲೋಗೆ 120 ಮೈಕ್ರೋಗ್ರಾಂ ಆಗುತ್ತದೆ. ಕೊಬ್ಬಿಗಿಂತ ಸ್ನಾಯುವಿನ ಭಾಗಕ್ಕೇ ಈ ಹಾರ್ಮೋನು ಹೆಚ್ಚು ಬೇಕಾಗುವುದರಿಂದ ವಾಸ್ತವದಲ್ಲಿ ಇಳಿಕೆಯು ಇಷ್ಟೇ ಇರುವುದಿಲ್ಲ. ಹಳೆಯ ಪ್ರಮಾಣವನ್ನೇ ಮುಂದುವರಿಸಿದಲ್ಲಿ ಎದೆಬಡಿತ, ಕೈನಡುಕ, ನಿದ್ರಾಹೀನತೆ ಕಾಣಿಸಬಹುದು, ಮೂಳೆಯೂ ಸವೆಯಬಹುದು.

ಇದಕ್ಕೆ ವಿರುದ್ಧವಾದ ಸ್ಥಿತಿಯೂ ಉಂಟು. ಮಾತ್ರೆಯು ಜಠರದ ಆಮ್ಲದಲ್ಲಿ ಕರಗಿ ಸಣ್ಣ ಕರುಳಿನಲ್ಲಿ ಹೀರಲ್ಪಡಬೇಕು. ಶಸ್ತ್ರಚಿಕಿತ್ಸೆಯ ನಂತರ ಈ ಎರಡೂ ವ್ಯತ್ಯಾಸವಾಗುವುದರಿಂದ ಕೆಲವರಿಗೆ ಹೆಚ್ಚಿನ ಪ್ರಮಾಣವೇ ಬೇಕಾಗುತ್ತದೆ. ಆದುದರಿಂದ ಊಹೆಗೆ ಅವಕಾಶವಿಲ್ಲ. ಪ್ರಮಾಣ ಬದಲಾದ 6ರಿಂದ 8 ವಾರಗಳ ನಂತರ ಹಾಗೂ ತೂಕ ಇಳಿಯುತ್ತಿರುವವರೆಗೆ ವೈದ್ಯರು ಸೂಚಿಸಿದ ಅವಧಿಗಳಲ್ಲಿ ರಕ್ತಪರೀಕ್ಷೆ ಮಾಡಿಸತಕ್ಕದ್ದು. ವರದಿಗಳನ್ನು ದಿನಾಂಕವಾರು ಜೋಡಿಸಿಟ್ಟುಕೊಂಡಲ್ಲಿ ವೈದ್ಯರಿಗೂ ಅನುಕೂಲ.

ಮಾತ್ರೆ ಸೇವನೆಯ ಕ್ರಮ

ಲಿವೋಥೈರಾಕ್ಸಿನ್ ಅನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ಸೇವಿಸಿ, ಕಾಫಿ ಹಾಗೂ ಉಪಾಹಾರಕ್ಕೆ ಅರ್ಧದಿಂದ ಒಂದು ಗಂಟೆ ಕಾಯಬೇಕು. ಶಸ್ತ್ರಚಿಕಿತ್ಸೆಯ ನಂತರ ತಪ್ಪದೆ ನೀಡಲಾಗುವ ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ 4 ಗಂಟೆಗಳ ಅಂತರವಿರಬೇಕು. ಎಲ್ಲವನ್ನೂ ಒಂದೇ ಬಾರಿಗೆ ನುಂಗಿಬಿಡುವ ಅಭ್ಯಾಸದಿಂದ ಥೈರಾಯ್ಡ್ ಮಾತ್ರೆಯ ಬಹುಭಾಗ ವ್ಯರ್ಥವಾಗಬಹುದು.

ತೂಕ ವೇಗವಾಗಿ ಇಳಿಯುವಾಗ ಕೂದಲು ಉದುರುವುದು ಸಾಮಾನ್ಯ. ಇದಕ್ಕೆ ಥೈರಾಯ್ಡ್ ಕೊರತೆಯೇ ಕಾರಣವೆಂದು ಪರೀಕ್ಷೆಯಿಲ್ಲದೆ ನಿರ್ಧರಿಸಬಾರದು. ಕೂದಲಿಗೆಂದು ಸೇವಿಸುವ ಬಯೋಟಿನ್ ಮಾತ್ರೆಯು ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನು ತಪ್ಪಾಗಿ ತೋರಿಸಬಲ್ಲದು. ಪರೀಕ್ಷೆಗೆ ಕನಿಷ್ಠ 2 ದಿನ ಮೊದಲು ಅದನ್ನು ನಿಲ್ಲಿಸಿ, ಪ್ರಯೋಗಾಲಯದವರಿಗೂ ವೈದ್ಯರಿಗೂ ಆ ವಿಷಯ ತಿಳಿಸತಕ್ಕದ್ದು.