ಕಲ್ಲಂಗಡಿ: ಔಷಧೀಯ ಬಳಕೆಯ ಇತಿಹಾಸ

ಕಲ್ಲಂಗಡಿ (ಸಿಟ್ರುಲಸ್ ಲನೇಟಸ್) ಸೌತೆ, ಸೋರೆಗಳ ಕುಟುಂಬದ ಬಳ್ಳಿ. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ರೈತರು ಇದನ್ನು ಕೊಳವೆಬಾವಿ ಮತ್ತು ಹನಿ ನೀರಾವರಿ ನಂಬಿ ಬೆಳೆಯುತ್ತಾರೆ. ದಾಹ, ಉರಿಮೂತ್ರ, ಮೈಯ ಉಷ್ಣ ಇವುಗಳಿಗೆ ಹಣ್ಣೂ ಬೀಜವೂ ಮನೆಮದ್ದು ಎಂಬುದು ಹಳೇ ಮೈಸೂರು ಸೀಮೆಯ ರೂಢಿ. ಆ ರೂಢಿ ಎಷ್ಟು ಹಳೆಯದು, ಯಾವ ಗ್ರಂಥದಿಂದ ಬಂದದ್ದು ಎಂದು ಕೇಳಿದರೆ ಮಾತ್ರ ಆಧಾರಗಳು ಒಂದಕ್ಕೊಂದು ಹೊಂದುವುದಿಲ್ಲ.

ಗಿಡದ ಮೂಲದ ಗೊಂದಲವಾದರೆ ಈಚೆಗೆ ಬಹುಪಾಲು ತಿಳಿಯಾಗಿದೆ. 18ನೇ ಶತಮಾನದಲ್ಲಿ ಸಸ್ಯವಿಜ್ಞಾನಿ ಥುನ್‌ಬೆರ್ಗ್ ದಕ್ಷಿಣ ಆಫ್ರಿಕಾದಲ್ಲಿ ಸಂಗ್ರಹಿಸಿದ ಮಾದರಿಯನ್ನೇ ಕಲ್ಲಂಗಡಿಯ ಮೂಲಮಾದರಿ ಎಂದು ಬಹುಕಾಲ ನಂಬಲಾಗಿತ್ತು. ಸಂಶೋಧಕರಾದ ಷೊಮಿಕಿ ಮತ್ತು ರೆನ್ನರ್ ಅದರ ಡಿಎನ್‌ಎ ಪರೀಕ್ಷಿಸಿ, ಅದು ಬೇರೊಂದು ಪ್ರಭೇದವೆಂದು 2015ರಲ್ಲಿ ಪ್ರಕಟಿಸಿದರು. ಸಿಹಿ ಕಲ್ಲಂಗಡಿಯ ಅತಿ ಹತ್ತಿರದ ಬಂಧು ಸುಡಾನಿನ ಕೊರ್ಡೊಫಾನ್ ಕಲ್ಲಂಗಡಿ ಎಂಬುದು 2021ರ ಸಂಶೋಧನೆಯ ತೀರ್ಮಾನ. ಟುಟಾಂಖಾಮುನ್ ಸಮಾಧಿಯಲ್ಲೂ ಇದರ ಬೀಜಗಳು ಸಿಕ್ಕಿವೆ. ಭಾರತಕ್ಕೆ ಇದು ಸುಮಾರು 7ನೇ ಶತಮಾನದ ಹೊತ್ತಿಗೆ ಬಂದಿತ್ತೆಂದು ಸಾಮಾನ್ಯವಾಗಿ ಹೇಳುತ್ತಾರೆ.

ಈ ಕಾಲಗಣನೆಯನ್ನು ಒಪ್ಪಿದರೆ ಆಯುರ್ವೇದದ ಹಳೆಯ ಉಲ್ಲೇಖಗಳನ್ನು ಎಚ್ಚರದಿಂದ ಓದಬೇಕಾಗುತ್ತದೆ. ಸುಶ್ರುತ ಸಂಹಿತೆ ತ್ರಪುಸ, ಏರ್ವಾರು, ಕರ್ಕಾರು ಎಂಬ ಸೌತೆ ಕುಟುಂಬದ ಕಾಯಿಗಳ ಜತೆಗೆ ಶೀರ್ಣವೃಂತ ಎಂಬುದನ್ನೂ ಹೆಸರಿಸುತ್ತದೆ. ಅದು ಕಲ್ಲಂಗಡಿಯೋ ಕರಬೂಜವೋ ಮತ್ತೊಂದೋ ಎಂಬುದರಲ್ಲಿ ಒಮ್ಮತವಿಲ್ಲ. ಆದರೂ ಜನಪ್ರಿಯ ಪುಸ್ತಕಗಳು 'ಸುಶ್ರುತನೇ ಹೇಳಿದ್ದಾನೆ' ಎಂದು ಧೈರ್ಯವಾಗಿ ಬರೆದುಬಿಡುತ್ತವೆ.

ಗಟ್ಟಿ ಆಧಾರ ಸಿಗುವುದು 16ನೇ ಶತಮಾನದ ಭಾವಮಿಶ್ರನ ಭಾವಪ್ರಕಾಶದಲ್ಲಿ. ಅಚ್ಚರಿಯಿರುವುದೂ ಅಲ್ಲೇ. ಅವನ ಪ್ರಕಾರ 'ಕಾಲಿಂದ'ದ, ಅಂದರೆ ಕಲ್ಲಂಗಡಿಯ, ಎಳೆಗಾಯಿ ಶೀತ, ಗುರು, ಮಲವನ್ನು ಕಟ್ಟುವಂಥದು. ದೃಷ್ಟಿಯನ್ನೂ ಪಿತ್ತವನ್ನೂ ಶುಕ್ರವನ್ನೂ ತಗ್ಗಿಸುತ್ತದೆ. ಹಣ್ಣಾದರೆ ಅದು ಸ್ವಲ್ಪ ಉಷ್ಣ, ಕ್ಷಾರಯುಕ್ತ, ಪಿತ್ತಕಾರಕ. ಕಫ ವಾತಗಳನ್ನು ಮಣಿಸುತ್ತದೆ. ಬಿಸಿಲಲ್ಲಿ ಬಂದವರಿಗೆ ತಂಪಾಗಲೆಂದು ಕೊಡುವ ಕೆಂಪು ಹೋಳಿಗೆ ಈ ಗ್ರಂಥದ ಬೆಂಬಲವಿಲ್ಲ ಎಂದಾಯಿತು. ಅದೇ ಗ್ರಂಥ ಕರಬೂಜವನ್ನು ಶೀತ, ಬಲಕಾರಕ, ಮೂತ್ರಲ, ಪಿತ್ತಹರ ಎಂದು ಹೊಗಳುತ್ತದೆ. ಕರಬೂಜದ ಗುಣಗಳನ್ನು ಕಲ್ಲಂಗಡಿಗೂ ಹಚ್ಚಿದ್ದರಿಂದಲೇ ಇಂದಿನ ಅನೇಕ ಮನೆಮದ್ದಿನ ಪಟ್ಟಿಗಳು ಹುಟ್ಟಿರುವಂತೆ ತೋರುತ್ತದೆ. ಮೈಸೂರು ಸೀಮೆಯಲ್ಲಿ ರಾಮನವಮಿಯ ಪಾನಕಕ್ಕೆ ಬೀಳುವುದೂ ಕರಬೂಜವೇ, ಕಲ್ಲಂಗಡಿಯಲ್ಲ.

ಕಲ್ಲಂಗಡಿಯ ಕುಲದಲ್ಲಿ ಶಾಸ್ತ್ರೀಯ ವೈದ್ಯರು ನಿಜಕ್ಕೂ ಔಷಧವೆಂದು ನೆಚ್ಚಿದ್ದು ಇನ್ನೊಂದು ಗಿಡವನ್ನು: ಇಂದ್ರವಾರುಣಿ, ಕನ್ನಡದ ಹಾವುಮೆಕ್ಕೆ. ಅದು ಕಡು ಕಹಿ, ತೀವ್ರ ಭೇದಿ ಮದ್ದು, ಪ್ರಮಾಣ ಮೀರಿದರೆ ವಿಷ.

ಬೀಜದ ಕಥೆ ಇಷ್ಟು ತೊಡಕಿನದಲ್ಲ. ಯುನಾನಿ ಪದ್ಧತಿಯ 'ಚಾರ್ ಮಗಜ್' ಮಿಶ್ರಣದಲ್ಲಿ ಕಲ್ಲಂಗಡಿ, ಕರಬೂಜ, ಸೌತೆ, ಕುಂಬಳದ ಸುಲಿದ ಬೀಜಗಳು ಸೇರುತ್ತವೆ. ತಂಪಿಗೆ, ಮೂತ್ರ ಸರಾಗವಾಗಲು ಅದನ್ನು ಹಾಲಿನಲ್ಲಿ ಅರೆದು ಕೊಡುತ್ತಿದ್ದರು. ಜಾರ್ಜ್ ವಾಟ್‌ನ ಆರ್ಥಿಕ ಉತ್ಪನ್ನಗಳ ನಿಘಂಟು (1889–1893) ಬೀಜದ ಇದೇ ಗುಣವನ್ನು ದಾಖಲಿಸಿತು. ಕೆ.ಎಂ. ನಾಡಕರ್ಣಿ ಅವರ ಔಷಧಕೋಶವು ಉರಿಮೂತ್ರಕ್ಕೆ ಹಣ್ಣಿನ ರಸದಲ್ಲಿ ಜೀರಿಗೆ, ಸಕ್ಕರೆ ಬೆರೆಸಿ ಕುಡಿಯುವ ಪದ್ಧತಿಯನ್ನು ಸೇರಿಸಿತು. ಇಂದಿನ ಕನ್ನಡ ಮನೆಮದ್ದಿನ ಪುಸ್ತಕಗಳಲ್ಲಿ ಕಾಣುವ ಜೀರಿಗೆ-ಕಲ್ಲಂಗಡಿ ಜೋಡಿಗೆ ಲಿಖಿತ ಪೂರ್ವಜ ಬೇಕಿದ್ದರೆ ಇದನ್ನು ತೋರಿಸಬಹುದು.

ಊರಿನ ಬಳಕೆಯ ದಾಖಲೆ ಹುಡುಕುವುದು ಮಾತ್ರ ಸುಲಭವಲ್ಲ. ಚಾಮರಾಜನಗರ ಜಿಲ್ಲೆ ಮೈಸೂರಿನಿಂದ ಬೇರ್ಪಟ್ಟದ್ದು 1997ರಲ್ಲಿ. ಇದೇ ಜಿಲ್ಲೆಯ ಕೊಳ್ಳೇಗಾಲವಂತೂ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹೀಗಾಗಿ ಈ ಸೀಮೆಯ ಹಳೆಯ ದಾಖಲೆಗಳು ಎರಡು ಆಡಳಿತಗಳ ಕಡತಗಳಲ್ಲಿ ಹಂಚಿಹೋಗಿವೆ. 1990ರ ದಶಕದಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಔಷಧಿ ಸಸ್ಯ ಸಂರಕ್ಷಣಾ ಪ್ರದೇಶ ಗುರುತಾಯಿತು. ಅಲ್ಲಿನ ಬುಡಕಟ್ಟಿನವರಾದ ಸೋಲಿಗರ ಮದ್ದಿನ ಜ್ಞಾನವೂ ಸಂಶೋಧಕರ ಗಮನ ಸೆಳೆಯಿತು. ಆ ಗಮನ ಸಹಜವಾಗಿಯೇ ಕಾಡಿನ ಗಿಡಗಳ ಮೇಲೆ. ಬಯಲಿನ ಹೊಲದ ಹಣ್ಣು ಔಷಧವಾಗಿ ಆ ಮಟ್ಟಿಗೆ ದಾಖಲಾಗಲಿಲ್ಲ.

ಅಷ್ಟರಲ್ಲಿ ಹಣ್ಣೇ ಬದಲಾಯಿತು. ಅಮೆರಿಕದಿಂದ ಬಂದ ಶುಗರ್ ಬೇಬಿ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಮಾಣಿಕ್, ಆಮೇಲೆ ಎರಡು ಎರಡೂವರೆ ತಿಂಗಳಲ್ಲಿ ಕೊಯ್ಲಿಗೆ ಬರುವ ಕಿರಣ್ ಮಾದರಿಯ ಹೈಬ್ರಿಡ್‌ಗಳು ಹೊಲ ಹೊಕ್ಕವು. ಹೊಸ ಹಣ್ಣಿನಲ್ಲಿ ಸಿಹಿ ಹೆಚ್ಚು, ಬೀಜ ಸಣ್ಣದು. ಹಳೆಯ ವೈದ್ಯ ಅರಸುತ್ತಿದ್ದ ಭಾಗವೇ ಸೊರಗಿತು. ದೇಶದ ಮಾರುಕಟ್ಟೆಯಲ್ಲಿ ಈಚಿನ ವರ್ಷಗಳಲ್ಲಿ ಮಾರಾಟವಾದ ಬೀಜದಲ್ಲಿ ರಾಜಸ್ಥಾನದ್ದೂ ಸುಡಾನಿನಿಂದ ಆಮದಾದದ್ದೂ ದೊಡ್ಡ ಪಾಲು. ಗ್ರಂಧಿಗೆ ಅಂಗಡಿಯಲ್ಲಿ ಕೊಳ್ಳುವ ಬೀಜ ಊರ ಹೊಲದ್ದಾಗಿರಬೇಕಿಲ್ಲ.

ಪ್ರಯೋಗಾಲಯದ ಅಧ್ಯಾಯ 1914ರಲ್ಲಿ ಶುರುವಾಯಿತು. ಜಪಾನಿನ ಸಂಶೋಧಕರು ಕಲ್ಲಂಗಡಿ ರಸದಿಂದ ಸಿಟ್ರುಲಿನ್ ಎಂಬ ಅಮೈನೋ ಆಮ್ಲವನ್ನು ಬೇರ್ಪಡಿಸಿದರು. ದೇಹ ಅದನ್ನು ಆರ್ಜಿನಿನ್ ಆಗಿಸಿ, ರಕ್ತನಾಳ ಸಡಿಲಿಸುವ ನೈಟ್ರಿಕ್ ಆಕ್ಸೈಡ್ ತಯಾರಿಸಿಕೊಳ್ಳುತ್ತದೆ. ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಒಂದು ಅಧ್ಯಯನದಲ್ಲಿ ಹಣ್ಣಿನ ಸಾರ ರಕ್ತದೊತ್ತಡಕ್ಕೆ ಅನುಕೂಲವಾಗಿ ಕಂಡಿತು. ಪಾಲ್ಗೊಂಡವರು ಬರೀ 9 ಮಂದಿ. ಇದನ್ನೇ ಹಿಡಿದು 'ಬಿಪಿಗೆ ಮದ್ದು' ಎನ್ನುವುದು ಅವಸರ.

ಸದ್ಯಕ್ಕೆ ಗಟ್ಟಿಯಾಗಿ ನಿಲ್ಲುವುದು ಹಣ್ಣಿನ ನೀರಿನಂಶ, ಶೇ 91ರ ಆಸುಪಾಸು. ಬಿಸಿಗಾಳಿಯ ಕಾಲದ ಕೇಂದ್ರ ಆರೋಗ್ಯ ಸಚಿವಾಲಯದ ಸೂಚನೆಗಳು ನೀರಿನಂಶ ಹೆಚ್ಚಿರುವ ಹಣ್ಣುಗಳ ಸಾಲಿನಲ್ಲಿ ಕಲ್ಲಂಗಡಿಯನ್ನೂ ಹೆಸರಿಸುತ್ತವೆ. ಇದರಲ್ಲಿ ಪೊಟ್ಯಾಸಿಯಮ್ ಇರುವುದರಿಂದ ಮೂತ್ರಪಿಂಡ ವೈಫಲ್ಯವಿರುವವರು ವೈದ್ಯರನ್ನು ಕೇಳಿಯೇ ತಿನ್ನಬೇಕು. ಸಕ್ಕರೆ ಕಾಯಿಲೆಯವರು ಒಮ್ಮೆಗೆ ಹೆಚ್ಚು ತಿನ್ನಬಾರದು.