ಬಿಲ್ಲು ಹಿಡಿಯೋಕೆ ಗ್ಲೌಸ್ ಬೇಕಾ?

ಕಳೆದ ವರ್ಷ ನಮ್ಮ ಟೀಮಿನ ನಾಲ್ಕು ಜನ ಸೇರಿ ಶನಿವಾರದ ಬಿಲ್ಲುಗಾರಿಕೆ ಕ್ಲಾಸಿಗೆ ಹೆಸರು ಕೊಟ್ಟೆವು. ಜಿಮ್ಮಿಗೆ ವರ್ಷದ ದುಡ್ಡು ಕಟ್ಟಿ ಹೋಗದೇ ಉಳಿದವರು ನಾವು, ಇದಕ್ಕಾದರೂ ಹೋಗ್ತೀವಿ ಅನ್ನೋ ಆಸೆ. ಮೊದಲ ದಿನ ಕೋಚ್ ಎಲ್ಲರ ಕೈಗೂ ಒಂದೊಂದು ಚರ್ಮದ ತುಂಡು ಕೊಟ್ಟರು. ಫಿಂಗರ್ ಟ್ಯಾಬ್ ಅಂತೆ. ಹೆದೆ ಎಳೆಯುವ ಮೂರು ಬೆರಳಿಗೂ ಹೆದೆಗೂ ನಡುವೆ ಅದು ಇರಬೇಕು. ಪಕ್ಕದವನು ಆನ್‌ಲೈನಿನಲ್ಲಿ ಪೂರ್ತಿ ಗ್ಲೌಸನ್ನೇ ತರಿಸಿಕೊಂಡು ಬಂದಿದ್ದ. ನಾನು ಮಾತ್ರ ಟ್ಯಾಬನ್ನು ಮೆಲ್ಲಗೆ ಜೇಬಿಗೆ ಸೇರಿಸಿದೆ. ಸಾಗರದ ಕಡೆಯ ಅಡಿಕೆ ತೋಟದಲ್ಲಿ ಬೆಳೆದವನು ನಾನು. ಗುದ್ದಲಿ ಹಿಡಿದು ಬೊಬ್ಬೆ ಎದ್ದು, ಒಡೆದು, ಗಟ್ಟಿಯಾದ ಕೈ ಇದು. ನಮ್ಮೂರಲ್ಲಿ ಯಾರು ಗ್ಲೌಸ್ ಹಾಕ್ತಾರೆ?

ಅವತ್ತು ಅರವತ್ತು ಬಾಣ ಬಿಟ್ಟೆ. ಭಾನುವಾರ ಬೆರಳ ತುದಿ ಕೆಂಪಗಿತ್ತು, ಅಷ್ಟೇ. ಸೋಮವಾರ ಆಫೀಸಿನಲ್ಲಿ ಕೀಬೋರ್ಡ್ ಮೇಲೆ ಕೈ ಇಟ್ಟರೆ, 'ಜೆ' ಕೀಲಿಯ ಮೇಲಿರೋ ಸಣ್ಣ ಉಬ್ಬುಗೆರೆ ತೋರುಬೆರಳಿಗೆ ತಾಕಲೇ ಇಲ್ಲ. ಬೆರಳು ಜೋಮು ಹಿಡಿದಿತ್ತು. ಸಂಜೆಗೆ ಸರಿಹೋಗುತ್ತೆ ಅಂದುಕೊಂಡೆ. ಸರಿಹೋಗೋಕೆ ಎರಡು ವಾರ ಹಿಡಿಯಿತು. ಬೆರಳಿಂದಲೇ ಅನ್ನ ತಿನ್ನೋ ನನಗೆ ಆ ಎರಡು ವಾರ ಒಳಗೊಳಗೇ ಎಂಥ ಪುಕುಪುಕು ಇತ್ತು ಅನ್ನೋದನ್ನ ಮನೆಯಲ್ಲೂ ಹೇಳಿರಲಿಲ್ಲ. ಟೈಪಿಂಗ್ ನಿಧಾನ ಆಗಿದ್ದರಿಂದ ಓದು ಜಾಸ್ತಿಯಾಯಿತು. ಹಳೇ ಕಾಲದ ಬಿಲ್ಲುಗಾರರು ಕೈಗೆ ಏನು ಹಾಕ್ತಿದ್ರು ಅಂತ ಹುಡುಕುತ್ತಾ ಕೂತೆ.

ನನ್ನ ಧಿಮಾಕು ಮೊದಲ ಸುತ್ತಿನಲ್ಲೇ ಇಳಿಯಿತು. ಟಿವಿ ಸೀರಿಯಲ್ಲಿನ ರಾಮ ಬರಿಗೈಯಲ್ಲಿ ಬಾಣ ಬಿಡ್ತಾನೆ. ವಾಲ್ಮೀಕಿಯ ರಾಮ ಹಾಗಲ್ಲ. ವಿಶ್ವಾಮಿತ್ರರ ಹಿಂದೆ ಕಾಡಿಗೆ ಹೊರಟ ಹುಡುಗರಿಬ್ಬರ ವರ್ಣನೆಯಲ್ಲಿ 'ಗೋಧಾಂಗುಲಿತ್ರಾಣ' ಅನ್ನೋ ಮಾತು ಬರುತ್ತೆ. ಮಹಾಭಾರತದ ವೀರರಿಗೂ ಅದು ಉಂಟು. ಅಂಗುಲಿತ್ರಾಣ ಅಂದರೆ ಬೆರಳಿನ ಕಾಪು, ಗೋಧಾ ಅಂದರೆ ನಮ್ಮ ಉಡ. ಉಡದ ಪಟ್ಟು ಅನ್ನೋ ಮಾತು ಕೇಳಿ ಬೆಳೆದ ನನಗೆ, ಬಿಲ್ಲು ಹಿಡಿದವರ ಕೈಗೆ ಅದರದ್ದೇ ಚರ್ಮ ಅಂತ ಗೊತ್ತಾದಾಗ ಒಂಥರಾ ಖುಷಿಯಾಯಿತು. (ಈಗ ಉಡ ಹಿಡಿದರೆ ಜೈಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ರಕ್ಷಿತ ಪ್ರಾಣಿ. ಪ್ರಯೋಗ ಮಾಡೋಕೆ ಹೋಗಬೇಡಿ.)

ಏಕಲವ್ಯನ ಕತೆಯನ್ನೂ ಆಗ ಮತ್ತೆ ಓದಿದೆ. ಕುವೆಂಪು ಅವರ 'ಬೆರಳ್‌ಗೆ ಕೊರಳ್' ಓದಿದವರಿಗೆ ಆ ಹೆಬ್ಬೆರಳು ಚೆನ್ನಾಗಿ ಗೊತ್ತು. ಹೆಬ್ಬೆರಳು ಹೋದಮೇಲೆ ಏನಾಯಿತು ಅಂತ ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ. ಆಮೇಲೆ ಉಳಿದ ಬೆರಳುಗಳಲ್ಲೇ ಹೆದೆ ಎಳೆದ, ಆದರೆ ಮೊದಲಿನ ವೇಗ ಬರಲಿಲ್ಲ ಅನ್ನುತ್ತೆ ಮೂಲ ಮಹಾಭಾರತ. ಅಂದರೆ ಅವನು ಬಿಲ್ಲು ಬಿಡಲಿಲ್ಲ! ಎರಡು ವಾರ ಜೋಮು ಹಿಡಿದ ಬೆರಳಿಟ್ಟುಕೊಂಡು ಓದಿದ್ದಕ್ಕೋ ಏನೋ, ಆ ಒಂದು ಮಾತು ಕತೆಯ ಉಳಿದೆಲ್ಲಾ ಭಾಗಕ್ಕಿಂತ ಹೆಚ್ಚು ನೋಯಿಸಿತು.

ಹೆಬ್ಬೆರಳಲ್ಲೇ ಹೆದೆ ಎಳೆಯೋ ಪದ್ಧತಿ ಏಷ್ಯಾದ ಉದ್ದಗಲಕ್ಕೂ ಇತ್ತು. ಮಂಗೋಲರು, ತುರ್ಕರು, ಪರ್ಷಿಯನ್ನರು, ಚೀನೀಯರು ಎಲ್ಲರೂ ಹೆಬ್ಬೆರಳನ್ನು ಹೆದೆಗೆ ಕೊಕ್ಕೆಯ ಹಾಗೆ ಹಾಕಿ, ಅದರ ಮೇಲೆ ತೋರುಬೆರಳು ಒತ್ತಿ ಎಳೆಯುವವರು. ಇಡೀ ಭಾರ ಒಂದೇ ಬೆರಳಿನ ಮೇಲೆ. ಅದಕ್ಕೇ ಅಲ್ಲಿ ಗ್ಲೌಸಿನ ಬದಲು ಉಂಗುರ ಬಂತು. ಚೀನಾದ ಆನ್‌ಯಾಂಗಿನಲ್ಲಿ 1976ರಲ್ಲಿ ಫು ಹಾವೋ ಅನ್ನೋ ರಾಣಿಯ ಸಮಾಧಿ ಸಿಕ್ಕಿತು. ಸುಮಾರು 3200 ವರ್ಷ ಹಳೆಯದು. ಸೈನ್ಯ ನಡೆಸಿದ ಹೆಂಗಸು ಅವಳು, ಅವಳ ಜೊತೆ ಜೇಡ್ ಕಲ್ಲಿನ ಹೆಬ್ಬೆರಳಿನ ಉಂಗುರವನ್ನೂ ಇಟ್ಟಿದ್ದರು. ಪರ್ಷಿಯನ್ನಿನಲ್ಲಿ ಇದಕ್ಕೆ ಜಿಹ್‌ಗೀರ್ ಅಂತಾರೆ, ಹೆದೆ ಹಿಡಿಯೋದು ಅಂತ ಅರ್ಥ. ಮೊಘಲರ ಕಾಲದ ಚಿತ್ರಗಳಲ್ಲಿ ರಾಜರ ನಡುಪಟ್ಟಿಯಲ್ಲಿ ಇದು ನೇತಾಡುತ್ತೆ. ಶಾಹಜಹಾನನ ಬಿರುದು ಕೆತ್ತಿದ ಜೇಡ್ ಉಂಗುರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಕೆಲಸದ ಸಾಮಾನು ಹೀಗೆ ನಿಧಾನಕ್ಕೆ ದೌಲತ್ತಿನ ಒಡವೆ ಆಗಿಬಿಡುತ್ತೆ.

ನಮ್ಮ ಕ್ಲಾಸಿನಲ್ಲಿ ಕಲಿಸೋದು ಮಾತ್ರ ಮೂರು ಬೆರಳಿನ ಎಳೆತ, ಯುರೋಪಿನದ್ದು. ಹಾಗಾಗಿ ನನ್ನ ಸಮಸ್ಯೆಗೆ ನೇರ ಉತ್ತರ ಇಂಗ್ಲೆಂಡಿನಲ್ಲೇ ಸಿಗಬೇಕಿತ್ತು. ಸಿಕ್ಕಿತು, ಅದೂ ಎರಡು ಕಡೆ, ಎರಡೂ 1545ರದ್ದು.

ಆ ವರ್ಷ ಜುಲೈ 19ರಂದು ಎಂಟನೇ ಹೆನ್ರಿಯ ಮೇರಿ ರೋಸ್ ಹಡಗು ಫ್ರೆಂಚರ ಜೊತೆ ಕಾದಾಡುತ್ತಾ ಪೋರ್ಟ್ಸ್‌ಮತ್ ಹತ್ತಿರ ಮುಳುಗಿತು. 1982ರಲ್ಲಿ ಅದನ್ನು ಮೇಲೆತ್ತಿದರು. ಕೆಸರಿನಲ್ಲಿ ನೂರಕ್ಕೂ ಹೆಚ್ಚು ಬಿಲ್ಲು, ಸಾವಿರಾರು ಬಾಣ ಸಿಕ್ಕವು. ಆ ಬಿಲ್ಲು ಎಳೆಯೋಕೆ ನೂರು ಪೌಂಡಿಗಿಂತ ಹೆಚ್ಚು ಶಕ್ತಿ ಬೇಕಿತ್ತು ಅನ್ನೋದು ತಜ್ಞರ ಲೆಕ್ಕ, ಅಂದರೆ 45 ಕೇಜಿ ಮೇಲೆ. ನನ್ನ ಬೆರಳು ಕೆಡಿಸಿದ ಕ್ಲಾಸಿನ ಬಿಲ್ಲು ಬರೀ ಇಪ್ಪತ್ತು ಪೌಂಡಿನದ್ದು. ಬಿಲ್ಲುಗಳ ಜೊತೆ ಮುಂಗೈಗೆ ಕಟ್ಟೋ ಪಟ್ಟಿಗಳೂ ಸಿಕ್ಕವು, ಹೆಚ್ಚಿನವು ಚರ್ಮದ್ದು, ಒಂದು ಮಾತ್ರ ಆನೆದಂತದ್ದು. ಬಿಟ್ಟ ಹೆದೆ ಬಿಲ್ಲು ಹಿಡಿದ ಕೈಗೆ ಚಟೀರಂತ ಬಾರಿಸದೇ ಇರಲಿ ಅಂತ ಅದು.

ಅದೇ ವರ್ಷ ಕೇಂಬ್ರಿಡ್ಜಿನ ಮೇಷ್ಟ್ರು ರೋಜರ್ ಆಸ್ಕಮ್ 'ಟಾಕ್ಸೊಫಿಲಸ್' ಅನ್ನೋ ಪುಸ್ತಕ ಬರೆದು ರಾಜನಿಗೆ ಒಪ್ಪಿಸಿದ. ಇಂಗ್ಲಿಷಿನಲ್ಲಿ ಬಿಲ್ಲುವಿದ್ಯೆಯ ಮೊದಲ ಪುಸ್ತಕ ಅದು. ಮುಂದೆ ರಾಣಿಯಾದ ಒಂದನೇ ಎಲಿಜಬೆತ್‌ಗೆ ಪಾಠ ಹೇಳಿದವನೂ ಇವನೇ. ಗ್ರೀಕ್, ಲ್ಯಾಟಿನ್ ಅರೆದು ಕುಡಿದ ಮನುಷ್ಯ ಗ್ಲೌಸಿನ ಬಗ್ಗೆ ಬರೆದದ್ದು ನೋಡಿದರೆ ನಮ್ಮ ಒಳ್ಳೇ ಪ್ರಾಡಕ್ಟ್ ರಿವ್ಯೂಗಳೂ ಸಪ್ಪೆ. ಮುಂಗೈ ಪಟ್ಟಿ ಬೇಕೇ ಬೇಕು ಅಂತೇನಿಲ್ಲ, ಹೆದೆಯನ್ನು ಕೈಗೆ ತಾಗದಷ್ಟು ದೂರ ಇರೋ ಹಾಗೆ ಕಟ್ಟಿದರೆ ಸಾಕು, ಅದಿಲ್ಲದೇ ಹೊಡೆಯೋ ಒಳ್ಳೊಳ್ಳೆ ಬಿಲ್ಲುಗಾರರು ನನಗೆ ಗೊತ್ತು ಅಂತಾನೆ. ಬೆರಳಿನ ವಿಷಯದಲ್ಲಿ ಮಾತ್ರ ಈ ಸಡಿಲ ಇಲ್ಲ. ಬೆರಳಿಗೆ ನೋವಾದರೆ ಪೂರ್ತಿ ಬಲ ಹಾಕಿ ಎಳೆಯೋಕೇ ಆಗಲ್ಲ, ಅದಕ್ಕೇ ಗ್ಲೌಸ್. ಭಾರವೆಲ್ಲ ತೋರುಬೆರಳು ಮತ್ತು ಉಂಗುರದ ಬೆರಳಿನ ಮೇಲೆ, ಉದ್ದಕ್ಕೆ ಬೆಳೆದ ನಡುಬೆರಳು ಮೈಗಳ್ಳ, ಹಿಂದೆ ಸರಿದು ನಿಲ್ಲುತ್ತೆ. ಆದ್ದರಿಂದ ದುಡಿಯೋ ಎರಡು ಬೆರಳಿಗೆ ಚರ್ಮ ದಪ್ಪ ಇರಲಿ. ಚರ್ಮ ಮೈಗೆ ತಾಗಿದರೆ ಬೆವೆತು ಗಡುಸಾಗುತ್ತೆ, ಒಳಗೆ ಮೆತ್ತನೆಯ ಬಟ್ಟೆ ಹೊಲಿಸಿ. ಹೊಸ ಗ್ಲೌಸಿನಿಂದ ಹೆದೆ ಸಲೀಸಾಗಿ ಜಾರಲ್ಲ, ಬೆರಳಿನ ಭಾಗ ಗಿಡ್ಡ ಮಾಡಿ, ಮುಲಾಮು ಸವರಿ ಪಳಗಿಸಿ. ಪಕ್ಕದವನ ಹೊಸಾ ಗ್ಲೌಸಿನಿಂದ ಬಾಣ ಯಾಕೆ ಅಡ್ಡಾದಿಡ್ಡಿ ಹೋಗ್ತಿತ್ತು ಅನ್ನೋದು ನನಗೆ ಇಲ್ಲಿ ಹೊಳೆಯಿತು.

ಕೋವಿ ಬಂದಮೇಲೆ ಗ್ಲೌಸ್ ಕೈ ಬದಲಾಯಿಸಿತು. ನಮ್ಮ ಕ್ಲಾಸಿನ ಪಕ್ಕದ ಹಾಲಿನಲ್ಲೇ ಏರ್ ರೈಫಲ್ ಅಭ್ಯಾಸ ನಡೆಯುತ್ತೆ. ಅಲ್ಲಿ ಕುದುರೆ ಎಳೆಯೋ ಕೈ ಬರಿದು, ರೈಫಲ್ ಹೊತ್ತ ಕೈಗೆ ದಪ್ಪ ಗ್ಲೌಸ್. ಗಾಯ ಆಗದಿರಲಿ ಅಂತ ಮಾತ್ರ ಅಲ್ಲ, ಕೈಯ ನಾಡಿಬಡಿತ ರೈಫಲ್ಲಿಗೆ ದಾಟಿ ಗುರಿ ಅಲುಗದಿರಲಿ ಅಂತಲೂ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಈ ಆಟದಲ್ಲೇ. ದಪ್ಪ ಮಾಡ್ತಾ ಹೋದರೆ ಅದು ಮೋಸ ಆಗುತ್ತಲ್ಲ, ಅದಕ್ಕೆ ಐಎಸ್‌ಎಸ್‌ಎಫ್ ಒಂದು ಗೆರೆ ಹಾಕಿದೆ: ಮುಂದಿನ, ಹಿಂದಿನ ಪದರ ಎರಡೂ ಸೇರಿ 12 ಮಿಲಿಮೀಟರ್ ದಾಟಬಾರದು. ಪಿಸ್ತೂಲಿನವರ ಮಣಿಕಟ್ಟಿಗಂತೂ ವಾಚು ಕೂಡ ಇರಕೂಡದು.

ದೀಪಾವಳಿಗೆ ಊರಿಗೆ ಹೋದಾಗ ಅಡಿಕೆ ಸುಲಿತದ ಕಾಲ. ರಾತ್ರಿ ಊಟ ಮುಗಿಸಿ ಅಮ್ಮ ಮೆಟ್ಟುಗತ್ತಿ ಮುಂದೆ ಕೂತರು. ಕೂರೋ ಮೊದಲು ಹಳೇ ಸೀರೆಯ ಚೂರೊಂದನ್ನು ಹೆಬ್ಬೆರಳಿಗೆ ಬಿಗಿಯಾಗಿ ಸುತ್ತಿ, ಹಲ್ಲಲ್ಲಿ ಕಚ್ಚಿ ಗಂಟು ಹಾಕಿಕೊಂಡರು. ಮೂವತ್ತು ವರ್ಷದಿಂದ ನೋಡ್ತಾ ಇದ್ದೀನಿ, ಅವತ್ತೇ ಕಂಡಿದ್ದು.

"ಅಮ್ಮಾ, ಎಲ್ಲಾ ಬೆರಳಿಗೂ ಯಾಕೆ ಸುತ್ತಲ್ಲ?"

"ಎಲ್ಲದಕ್ಕೂ ಸುತ್ತಿದ್ರೆ ಅಡಿಕೆ ಹಿಡಿಯೋದು ಹ್ಯಾಂಗೋ ಮಾರಾಯ? ಕತ್ತಿ ತಾಗೋ ಬೆರಳಿಗೆ ಮಾತ್ರ."

ವಾಪಸ್ ಬಂದ ಶನಿವಾರ ಕೋಚ್ ಹತ್ತಿರ ಟ್ಯಾಬ್ ಕೇಳಿದೆ. ನನ್ನ ಬೆರಳಿಗೆ ಅಳತೆ ಹಿಡಿದು, ತುದಿಯಲ್ಲಿ ಹೆಚ್ಚಾಗಿದ್ದ ಚರ್ಮವನ್ನು ಕತ್ತರಿಯಲ್ಲಿ ಕತ್ತರಿಸಿ ಕೊಟ್ಟರು. ಮೊದಲ ಹತ್ತು ಬಾಣ ಎಲ್ಲೆಲ್ಲೋ ಹೋದವು, ಪಳಗಬೇಕಲ್ಲ. ಸೋಮವಾರ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದವನು ಮೊದಲು ತೋರುಬೆರಳನ್ನು 'ಜೆ' ಮೇಲಿಟ್ಟೆ. ಗೆರೆ ತಾಕಿತು.