ಕಟ್ಟಿಗೆ ಒಲೆ

ಕಟ್ಟಿಗೆ, ಕುಳ್ಳು, ಬೆಳೆಯ ಕಡ್ಡಿಗಳನ್ನು ಉರಿಸಿ ಅಡುಗೆ ಮಾಡುವ, ನೀರು ಕಾಯಿಸುವ ಮನೆಯ ಒಲೆ. ಬೆಳಗಾವಿ ಜಿಲ್ಲೆಯ ಗೋಕಾಕ, ಹುಕ್ಕೇರಿ ತಾಲೂಕುಗಳಲ್ಲಿ, ಗೋಕಾಕದಿಂದ ಬೇರೆಯಾದ ಮೂಡಲಗಿ ತಾಲೂಕಿನಲ್ಲಿ ಆಡುಮಾತಿಗೆ ಇದು ‘ಒಲಿ’. ಗ್ಯಾಸ್ ಬಂದ ಮೇಲೂ ಜೋಳದ ರೊಟ್ಟಿಗೆ, ಸ್ನಾನದ ನೀರಿಗೆ ಒಲೆ ಹೊತ್ತಿಸುವ ಮನೆಗಳು ಇಲ್ಲಿವೆ.

ಉರಿಯ ಬಗೆ: ಕಟ್ಟಿಗೆ ಕಾದಾಗ ಮೊದಲು ಅದರೊಳಗಿನ ನೀರು ಆವಿಯಾಗುತ್ತದೆ. ಆಮೇಲೆ ಅನಿಲ ಹೊರಟು ಜ್ವಾಲೆಯಾಗುತ್ತದೆ. ಕೊನೆಗೆ ಉಳಿದ ಇದ್ದಿಲು ಕೆಂಡವಾಗಿ ಉರಿಯುತ್ತದೆ. ಒಣ ಕಟ್ಟಿಗೆಯ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಅನಿಲವಾಗಿಯೇ ಹೊರಡುತ್ತದೆ. ಅದಕ್ಕೆ ಕಾವು, ಗಾಳಿ ಸಾಲದಿದ್ದರೆ ಹೊಗೆ. ಹೊಗೆಯೆಂದರೆ ಉರಿಯದೆ ವ್ಯರ್ಥವಾದ ಉರುವಲು.

ಉರುವಲು: ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು, ಚೆನ್ನಾಗಿ ಒಣಗಿದ್ದರಲ್ಲಿ ಶೇ. 20ಕ್ಕಿಂತ ಕಡಿಮೆ. ಒಣಗಿದ ಎರಡು ತುಂಡುಗಳನ್ನು ಬಡಿದರೆ ಠಣ್ ಎನ್ನುತ್ತವೆ. ಹಸಿಯದು ಬೆಂಕಿಯಲ್ಲಿ ಸುಂಯ್‌ಗುಟ್ಟಿ ತುದಿಯಿಂದ ನೊರೆ ಕಾರುತ್ತದೆ. ಜಾಲಿ ಕಟ್ಟಿಗೆಯ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಹತ್ತಿಕಟ್ಟಿಗೆ, ಗೋವಿನಜೋಳದ ದಿಂಡು ಬೇಗ ಹೊತ್ತಿ ಬೇಗ ಆರುತ್ತವೆ. ಕಬ್ಬಿನ ರವದಿ ಭಗ್ಗನೆ ಉರಿದು ಹೋಗುವುದರಿಂದ ಒಲೆ ಹಚ್ಚಲಷ್ಟೇ ಸರಿ. ಕುಳ್ಳಿನದು ಮಂದ ಉರಿ, ಹೊಗೆ ಹೆಚ್ಚು. ಹಾಲು ಕಾಯಿಸಲು ಒದಗುತ್ತದೆ.

ತೊಡಕು, ಪರಿಹಾರ: ಒಲೆ ಹೊಗೆಯಾಡಿದರೆ ಮೊದಲು ಬೂದಿ ತೆಗೆಯಬೇಕು, ತುಂಬಿದ ಬೂದಿ ಗಾಳಿಯ ದಾರಿ ಕಟ್ಟುತ್ತದೆ. ಒಲೆಯ ಬಾಯಿಗೆ ಕಟ್ಟಿಗೆ ತುರುಕಿದರೂ ಇದೇ ತೊಂದರೆ. ದಪ್ಪ ಕೊರಡನ್ನು ಸೀಳಿ ಎರಡು ಮೂರು ತುಂಡುಗಳನ್ನಷ್ಟೇ ಇಟ್ಟು, ತುದಿ ಉರಿದಂತೆ ಒಳಗೆ ಸರಿಸಬೇಕು. ಊದುಗೊಳವೆಯಿಂದ ಕೆಂಡದ ಬುಡಕ್ಕೆ ಊದಬೇಕು, ಜ್ವಾಲೆಗಲ್ಲ. ಚಿಮಣಿ ಇದ್ದೂ ಹೊಗೆ ಒಳಗೆ ಬಂದರೆ ಅದರಲ್ಲಿ ಮಸಿ ಕಟ್ಟಿರಬಹುದು, ಅಥವಾ ಅದರ ತುದಿ ಮಾಳಿಗೆಗಿಂತ ಸಾಕಷ್ಟು ಮೇಲಿರಲಿಕ್ಕಿಲ್ಲ. ಪಾತ್ರೆಯಿಲ್ಲದ ಒಲೆಗಣ್ಣನ್ನು ತೆರೆದಿಟ್ಟರೂ ಚಿಮಣಿಯ ಸೆಳೆತ ತಗ್ಗುತ್ತದೆ.

ಒಲೆ ಸರಿಯಿದೆಯೇ ಎಂಬುದು ರೊಟ್ಟಿಯಲ್ಲಿ ಗೊತ್ತಾಗುತ್ತದೆ. ಹಂಚಿನ ತಳಕ್ಕೆಲ್ಲ ಉರಿ ಸಮನಾಗಿ ತಾಗಬೇಕು. ಮೇಲೆ ನೀರು ಸವರಿದ ರೊಟ್ಟಿಯನ್ನು ಮಗುಚಿ, ಬೆಂದ ಮೇಲೆ ಒಲೆಯ ಬಾಯಿಗೆ ಎಳೆದ ಕೆಂಡದೆದುರು ನಿಲ್ಲಿಸಿದರೆ ಅದು ಉಬ್ಬಬೇಕು. ಹೊಗೆಯಾಡುವ ಕೊಳ್ಳಿಯೆದುರು ರೊಟ್ಟಿ ಕಪ್ಪಾಗುತ್ತದೆ, ಉಬ್ಬುವುದಿಲ್ಲ.

ಸುಧಾರಿತ ಒಲೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಹುಟ್ಟಿತು. 1980ರ ದಶಕದಲ್ಲಿ ಅದು ರೂಪಿಸಿದ ‘ಅಸ್ತ್ರ ಒಲೆ’ಗೆ ಸಾಲಾಗಿ ಮೂರು ಕಣ್ಣು, ಕೆಳಗಿನಿಂದ ಗಾಳಿ ಬಿಡುವ ಜಾಳಿಗೆ, ಹಿಂದೆ ಚಿಮಣಿ. ಮೊದಲ ಪಾತ್ರೆ ದಾಟಿದ ಕಾವು ಉಳಿದೆರಡನ್ನೂ ಕಾಯಿಸುತ್ತದೆ. 1983ರಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು.

ಎಚ್ಚರಿಕೆ: ಒಲೆಯ ಹೊಗೆ ಕಣ್ಣು, ಶ್ವಾಸಕೋಶಗಳನ್ನು ಕೆಡಿಸುತ್ತದೆ, ಹೆಚ್ಚು ನರಳುವವರು ಒಲೆಯ ಮುಂದೆ ಕೂರುವ ಹೆಂಗಸರು, ಅವರ ಮಗ್ಗುಲಲ್ಲಿರುವ ಮಕ್ಕಳು. ಆದ್ದರಿಂದ ಅಡುಗೆಮನೆಯ ಬೆಳಕಿಂಡಿಯನ್ನು ಮುಚ್ಚಬಾರದು. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಯೆಂದು ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟು ಯಾರೂ ಮಲಗಬಾರದು.